ಬೇನೆಯ ಕಾಯ್ದೆ, ಮಾತಿನ ಕಾಯ್ದೆ: ಸಿಂಗಟಾಲೂರು ಸೀಮೆ ಮತ್ತು ಪ್ಲೇಗಿನ ಕಾಲ

ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ಇಂದು ಏತ ನೀರಾವರಿ ಯೋಜನೆಯ ಹೆಸರಿನಿಂದಲೂ ತುಂಗಭದ್ರೆಯ ದಂಡೆಯ ವೀರಭದ್ರೇಶ್ವರನ ಗುಡಿಯಿಂದಲೂ ನಾಡಿಗೆ ಪರಿಚಿತವಾದ ಊರು. 19ನೆಯ ಶತಮಾನದ ಕೊನೆಯಲ್ಲಿ ಅದು ಆಡಳಿತದ ದೃಷ್ಟಿಯಿಂದ ಒಂದು ಗಡಿ ಸೀಮೆಗೆ ಸೇರಿತ್ತು. ನದಿಯ ಈಚೆ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದಾಗಿದ್ದರೆ, ಆಚೆ ದಂಡೆಯ ಹೂವಿನಹಡಗಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದಾಗಿತ್ತು. ಪೂರ್ವಕ್ಕೆ ನಡೆದರೆ ಕೊಪ್ಪಳದಲ್ಲಿ ನಿಜಾಮರ ಆಳ್ವಿಕೆ, ಪಶ್ಚಿಮಕ್ಕೆ ಹೊರಟರೆ ಶಿರಹಟ್ಟಿಯಲ್ಲಿ ಸಾಂಗಲಿ ಸಂಸ್ಥಾನ, ಲಕ್ಷ್ಮೇಶ್ವರದಲ್ಲಿ ಮೀರಜ ಸಂಸ್ಥಾನ. ಒಂದೇ ಭಾಷೆಯನ್ನಾಡುವ, ಹೆಣ್ಣು ಕೊಟ್ಟು ತಂದು ನಂಟಸ್ತನ ಬೆಳೆಸಿಕೊಂಡಿದ್ದ ಈ ಸೀಮೆಯ ಜನ ಸಂತೆಗೂ ಜಾತ್ರೆಗೂ ಹರಿಗೋಲು ಹತ್ತಿ ಹೊಳೆ ದಾಟುವಾಗ ತಾವು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗುತ್ತಿದ್ದೇವೆಂದು ನೆನೆಯಬೇಕಾದ ಸಂದರ್ಭಗಳು ಹೆಚ್ಚಿರಲಿಲ್ಲ. ಅಂಥ ಸಂದರ್ಭವನ್ನು ತಂದೊಡ್ಡಿದ್ದು ಪ್ಲೇಗ್. ಆ ಬೇನೆಯೊಂದಿಗೆ ಬಂದ ಎರಡು ಬಗೆಯ ಕಾಯ್ದೆಗಳಲ್ಲಿ ಒಂದು ಜನರ ಮೈಯನ್ನೂ ಮನೆಯನ್ನೂ ಕುರಿತದ್ದು, ಇನ್ನೊಂದು ಅವರ ಮಾತನ್ನು ಕುರಿತದ್ದು. ಬೇನೆ ಹೋದ ಮೇಲೂ ಉಳಿದುಕೊಂಡು ಹೆಚ್ಚು ಕಾಲ ಕೆಲಸ ಮಾಡಿದ್ದು ಎರಡನೆಯದು.

ಪ್ಲೇಗ್ 1896ರ ಸೆಪ್ಟೆಂಬರಿನಲ್ಲಿ ಮುಂಬಯಿ ನಗರದ ಮಾಂಡವಿ ಪ್ರದೇಶದಲ್ಲಿ ಪತ್ತೆಯಾಯಿತು. ಐದು ತಿಂಗಳೊಳಗೆ, 1897ರ ಫೆಬ್ರುವರಿ 4ರಂದು, ಭಾರತ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ಇದು ಕೇವಲ ನಾಲ್ಕು ಕಲಮುಗಳ, ಅಂದರೆ ನಾಲ್ಕು ವಿಧಿಗಳ, ಅತ್ಯಂತ ಚಿಕ್ಕ ಕಾಯ್ದೆ. ರೋಗ ಹರಡದಂತೆ ಸರ್ಕಾರ ತನಗೆ ಅಗತ್ಯವೆನಿಸಿದ ಯಾವ ನಿಯಮವನ್ನಾದರೂ ಮಾಡಬಹುದು ಎಂದು ಎರಡನೆಯ ಕಲಮು ಹೇಳಿದರೆ, ಆ ನಿಯಮ ಮೀರಿದವರಿಗೆ ದಂಡಸಂಹಿತೆಯ 188ನೆಯ ಕಲಮಿನಂತೆ ಶಿಕ್ಷೆಯೆಂದು ಮೂರನೆಯದು ಹೇಳಿತು. ಈ ಕಾಯ್ದೆಯಡಿ ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲವೆಂಬುದು ನಾಲ್ಕನೆಯದು. ಮನೆ ಶೋಧ, ರೋಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದು, ರೋಗಿಯ ಸಂಪರ್ಕದಲ್ಲಿದ್ದವರನ್ನು ಊರ ಹೊರಗಿನ ಛಾವಣಿಗಳಲ್ಲಿ ಇಡುವುದು, ರೈಲು ನಿಲ್ದಾಣಗಳಲ್ಲಿ ಗಂಡಸು ಹೆಂಗಸರೆನ್ನದೆ ಪ್ರಯಾಣಿಕರ ಕಂಕುಳು ತೊಡೆಸಂದುಗಳಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡುವುದು, ಜಾತ್ರೆ ನಿಲ್ಲಿಸುವುದು, ಇವೆಲ್ಲವೂ ಆ ಎರಡನೆಯ ಕಲಮಿನ ಒಂದೇ ವಾಕ್ಯದಿಂದ ಹುಟ್ಟಿದವು. ಗಮನಿಸಬೇಕಾದ ಸಂಗತಿಯೆಂದರೆ, ಈ ಕಾಯ್ದೆಯಲ್ಲಿ ಪತ್ರಿಕೆಯ ಪ್ರಸ್ತಾಪವಾಗಲಿ ಮಾತಿನ ಪ್ರಸ್ತಾಪವಾಗಲಿ ಎಲ್ಲಿಯೂ ಇರಲಿಲ್ಲ. ಟೀಕೆಯನ್ನು ಅಡಗಿಸುವ ಕೆಲಸ ಬೇರೊಂದು ದಾರಿಯಿಂದ ನಡೆಯಿತು.

ಆ ದಾರಿ ಪುಣೆಯಿಂದ ಆರಂಭವಾಯಿತು. ಧಾರವಾಡ, ಹುಬ್ಬಳ್ಳಿ, ಗದಗಗಳ ಓದುಬರಹ ಬಲ್ಲವರು ಆಗ ರಾಜಕೀಯದ ಸುದ್ದಿಗೆ ಪುಣೆಯತ್ತ ನೋಡುತ್ತಿದ್ದರಾದ್ದರಿಂದ, ಅಲ್ಲಿ ನಡೆದುದನ್ನು ಹೇಳದೆ ಕನ್ನಡ ಜಿಲ್ಲೆಗಳ ಕಥೆ ಪೂರ್ಣವಾಗದು. 1897ರ ಮಾರ್ಚ್‌ನಿಂದ ಪುಣೆಯಲ್ಲಿ ಡಬ್ಲ್ಯು.ಸಿ. ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸೈನಿಕರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ದೇವರ ಮನೆ, ಅಡುಗೆ ಮನೆಗಳಿಗೆ ಬೂಟುಗಾಲಿನಲ್ಲಿ ನುಗ್ಗಿದ ಈ ಶೋಧಗಳ ವಿರುದ್ಧ ಪತ್ರಿಕೆಗಳು ಕಟುವಾಗಿ ಬರೆದವು. ಬಾಲ ಗಂಗಾಧರ ತಿಲಕರ ‘ಕೇಸರಿ’ಯ ನಿಲುವು ಮಾತ್ರ ಸರಳವಾಗಿರಲಿಲ್ಲ, ರೋಗ ನಿಯಂತ್ರಣ ಬೇಕೆಂಬುದನ್ನು ತಿಲಕರು ಒಪ್ಪಿದ್ದರು, ಸ್ವತಃ ಹಿಂದೂ ಪ್ಲೇಗ್ ಆಸ್ಪತ್ರೆ ತೆರೆಯಲು ದುಡಿದಿದ್ದರು, ನಗರದ ಅನೇಕ ಮುಖಂಡರು ಊರು ಬಿಟ್ಟಾಗ ತಾವು ಉಳಿದಿದ್ದರು, ಅವರ ತಕರಾರು ಇದ್ದುದು ಕ್ರಮದ ಬಗೆಗಲ್ಲ, ಕ್ರಮ ಕೈಗೊಂಡ ರೀತಿಯ ಬಗೆಗೆ. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ಔತಣ ಮುಗಿಸಿ ಮರಳುತ್ತಿದ್ದ ರ‍್ಯಾಂಡ್ ಮತ್ತು ಸೈನ್ಯಾಧಿಕಾರಿ ಆಯರ್ಸ್ಟ್ ಅವರ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದ ಮೇಲೆ ಸರ್ಕಾರದ ದೃಷ್ಟಿಯಲ್ಲಿ ತಕರಾರಿಗೂ ಕೊಲೆಗೂ ನಡುವಿನ ಗೆರೆ ಅಳಿಸಿಹೋಯಿತು. ಜುಲೈ 27ರಂದು ತಿಲಕರ ಬಂಧನವಾಯಿತು, ಸೆಪ್ಟೆಂಬರ್ 14ರಂದು ಮುಂಬಯಿ ಹೈಕೋರ್ಟು ಅವರಿಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆ ವಿಧಿಸಿತು. ಒಂಬತ್ತು ಮಂದಿ ಜ್ಯೂರಿಗಳಲ್ಲಿ ತಪ್ಪಿತಸ್ಥರೆಂದ ಆರು ಮಂದಿ ಯುರೋಪಿಯನ್ನರು, ಅಲ್ಲವೆಂದ ಮೂವರು ಭಾರತೀಯರು.

ಆರೋಪ ಪಟ್ಟಿಯಲ್ಲಿದ್ದ ಬರಹಗಳನ್ನು ನೋಡಿದರೆ ಆ ವಿಚಾರಣೆಯ ನಿಜವಾದ ಸ್ವರೂಪ ತಿಳಿಯುತ್ತದೆ. ಅವು ಪ್ಲೇಗಿನ ಕುರಿತ ಲೇಖನಗಳಾಗಿರಲಿಲ್ಲ. ಜೂನ್ 15ರ ಸಂಚಿಕೆಯಲ್ಲಿ ಬಂದ, ಶಿವಾಜಿ ಆಡುವ ಮಾತಿನ ರೂಪದ ಒಂದು ಪದ್ಯ ಹಾಗೂ ಶಿವಾಜಿ ಉತ್ಸವದ ಭಾಷಣಗಳ ವರದಿ. ಬೇನೆಯ ಆಡಳಿತವನ್ನು ಟೀಕಿಸಿದ್ದಕ್ಕೆ ಶಿಕ್ಷಿಸಿದರೆ ಆ ಟೀಕೆ ಸತ್ಯವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ವಿಚಾರಿಸಬೇಕಾಗುತ್ತಿತ್ತು, ಸೈನಿಕರು ಏನು ಮಾಡಿದರೆಂಬುದಕ್ಕೆ ಸಾಕ್ಷಿ ನುಡಿಯಬೇಕಾಗುತ್ತಿತ್ತು. ರಾಜದ್ರೋಹದ ಆರೋಪದಲ್ಲಿ ಅದಾವುದರ ಅಗತ್ಯವೂ ಇರಲಿಲ್ಲ. ನ್ಯಾಯಮೂರ್ತಿ ಸ್ಟ್ರೇಚಿ ಅವರು ದಂಡಸಂಹಿತೆಯ 124ಎ ಕಲಮನ್ನು ವಿವರಿಸುತ್ತ, ಸರ್ಕಾರದ ಮೇಲೆ ಪ್ರೀತಿ ಇಲ್ಲದಂತೆ ಮಾಡುವುದೇ ಅಪರಾಧವೆಂಬಷ್ಟು ಅದರ ವ್ಯಾಪ್ತಿಯನ್ನು ಹಿಗ್ಗಿಸಿದರು. ಅದೇ ವರ್ಷ ಸಾತಾರಾ ಜಿಲ್ಲೆಯ ‘ಪ್ರತೋದ’ ಮತ್ತು ವಾಯಿಯ ‘ಮೋದವೃತ್ತ’ ಪತ್ರಿಕೆಗಳ ಮೇಲೂ ಇದೇ ಕಲಮಿನಡಿ ಮೊಕದ್ದಮೆಗಳು ನಡೆದವು.

ಸತ್ಯಾಸತ್ಯದ ವಿಚಾರಣೆ ಎಲ್ಲಿಯೂ ನಡೆಯದೆ ಹೋದದ್ದಕ್ಕೆ ಗೋಪಾಲಕೃಷ್ಣ ಗೋಖಲೆಯವರ ಪ್ರಸಂಗ ಇನ್ನೂ ತೀಕ್ಷ್ಣವಾದ ನಿದರ್ಶನ. ಆಗ ಇಂಗ್ಲೆಂಡಿನಲ್ಲಿದ್ದ ಅವರು, ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರೆಂದು ಅಲ್ಲಿನ ಪತ್ರಿಕೆಗೆ ಹೇಳಿದರು. ಊರಿಗೆ ಮರಳಿದಾಗ ಪತ್ರ ಬರೆದವರು ಯಾರೂ ಹೆಸರು ಕೊಟ್ಟು ಮುಂದೆ ಬರಲು ಸಿದ್ಧರಿರಲಿಲ್ಲವಾಗಿ ಗೋಖಲೆಯವರು ಗವರ್ನರನಿಗೂ ಸೈನಿಕರಿಗೂ ನಿಶ್ಶರ್ತ ಕ್ಷಮೆ ಕೇಳಬೇಕಾಯಿತು. ಸಂಪಾದಕರು ಸೆರೆಮನೆಗೆ ಹೋಗುತ್ತಿದ್ದ ವಾರಗಳಲ್ಲಿ ಸಾಕ್ಷಿಗಳು ಮುಂದೆ ಬರಲಿಲ್ಲವೆಂಬುದನ್ನು ಆರೋಪವೇ ಸುಳ್ಳೆಂಬುದಕ್ಕೆ ಪುರಾವೆಯಾಗಿ ಹಿಡಿಯುವುದು ನ್ಯಾಯವಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲವೆಂದು ಬಹಿರಂಗ ಪತ್ರ ಬರೆದಾಗಲೂ ಗವರ್ನರ್ ಸ್ಯಾಂಡ್‌ಹರ್ಸ್ಟ್ ಅದನ್ನು ತಳ್ಳಿಹಾಕಿದರು. ರಮಾಬಾಯಿಯವರು ಕ್ರೈಸ್ತ ಮತಕ್ಕೆ ಸೇರಿದವರು, ತಿಲಕರ ಬಣದ ಕಟು ವಿರೋಧಿ. ಅವರನ್ನು ರಾಜದ್ರೋಹಿಯೆನ್ನಲು ಯಾರಿಗೂ ಸಾಧ್ಯವಿರಲಿಲ್ಲ. ಆದರೂ ಅವರ ಮಾತು ಕೇಳಿಸಲಿಲ್ಲ.

1898ರಲ್ಲಿ ಈ ಅನುಭವವನ್ನೆಲ್ಲ ಸರ್ಕಾರ ಕಾಯಂ ಕಾನೂನಾಗಿ ಬರೆದಿಟ್ಟಿತು. ದ್ವೇಷ ಮತ್ತು ತಿರಸ್ಕಾರಗಳನ್ನು ಹುಟ್ಟಿಸುವುದೂ ಸೇರುವಂತೆ 124ಎ ಕಲಮನ್ನು ತಿದ್ದಲಾಯಿತು. ವರ್ಗ ವರ್ಗಗಳ ನಡುವೆ ವೈರ ಬೆಳೆಸುವುದನ್ನು ಅಪರಾಧವಾಗಿಸಿದ 153ಎ ಕಲಮು ಹೊಸದಾಗಿ ಬಂತು. ಸಾರ್ವಜನಿಕರಲ್ಲಿ ಭಯ ಅಥವಾ ಗಾಬರಿ ಹುಟ್ಟಿಸಿ ಅಪರಾಧಕ್ಕೆ ಪ್ರಚೋದಿಸಬಹುದಾದ ಹೇಳಿಕೆ, ವದಂತಿ, ವರದಿಗಳನ್ನು ಹಬ್ಬಿಸುವವರಿಗೆ ಶಿಕ್ಷೆ ವಿಧಿಸುವಂತೆ ಮೊದಲೇ ಇದ್ದ 505ನೆಯ ಕಲಮನ್ನು ತಿದ್ದಿ ಬರೆಯಲಾಯಿತು. ಇದಲ್ಲದೆ ಅದೇ ವರ್ಷದ ಅಪರಾಧ ಪ್ರಕ್ರಿಯಾ ಸಂಹಿತೆಯ 108ನೆಯ ಕಲಮು, ರಾಜದ್ರೋಹದ ಬರಹ ಹಬ್ಬಿಸುವವರಿಂದ ಮ್ಯಾಜಿಸ್ಟ್ರೇಟನು ಸನ್ನಡತೆಯ ಜಾಮೀನು ಬರೆಯಿಸಿಕೊಳ್ಳಬಹುದೆಂದಿತು. ಸಣ್ಣ ಊರಿನ ಪತ್ರಿಕೆಗೆ ಹೈಕೋರ್ಟಿನ ಮೊಕದ್ದಮೆಗಿಂತ ಈ ಜಾಮೀನಿನ ಭಯವೇ ಹತ್ತಿರದ್ದು, ಏಕೆಂದರೆ ಅದಕ್ಕೆ ಜಿಲ್ಲೆಯ ಸಾಹೇಬನ ಮರ್ಜಿಯೊಂದೇ ಸಾಕಾಗಿತ್ತು.

ಧಾರವಾಡ ಜಿಲ್ಲೆಯಲ್ಲಿ ಅಂಥ ಸಣ್ಣ ಪತ್ರಿಕೆಗಳು ಕೆಲವಿದ್ದವು. ಧಾರವಾಡದ ‘ಕರ್ನಾಟಕ ವೃತ್ತ’, ‘ಲೋಕಬಂಧು’, ಗದಗಿನ ‘ರಸಿಕರಂಜಿನಿ’, ‘ದಿಗ್ವಿಜಯ’ ಇಂಥ ವಾರಪತ್ರಿಕೆಗಳ ಪ್ರಸಾರ ನೂರರ ಲೆಕ್ಕದ್ದಾದರೂ ಅವುಗಳಿಗೆ ಒಬ್ಬ ಓದುಗ ಕಡ್ಡಾಯವಾಗಿ ಇದ್ದೇ ಇದ್ದ, ಅವನೇ ಸರ್ಕಾರ. ದೇಶಭಾಷೆಯ ಪತ್ರಿಕೆಗಳನ್ನೆಲ್ಲ ಓದಿಸಿ, ಬೇಕಾದ ಭಾಗವನ್ನು ಇಂಗ್ಲಿಷಿಗೆ ತಿರುಗಿಸಿ, ವಾರಕ್ಕೊಮ್ಮೆ ಗುಪ್ತ ವರದಿಯಾಗಿ ಮುದ್ರಿಸುವ ವ್ಯವಸ್ಥೆ ಮುಂಬಯಿ ಪ್ರಾಂತದಲ್ಲಿ 1860ರ ದಶಕದ ಕೊನೆಯಿಂದ ನಡೆದುಬಂದಿತ್ತು. ಆ ವ್ಯವಸ್ಥೆಗೆ ಎರಡು ಮುಖಗಳಿದ್ದವು: ಅಹವಾಲು ಕೇಳುವ ಕಿವಿಯೂ ಅದೇ, ಅಪರಾಧ ಹುಡುಕುವ ಕಣ್ಣೂ ಅದೇ. ತಾವು ಬರೆದದ್ದು ಯಾವ ಕಚೇರಿಯಲ್ಲಿ ಯಾವ ಅರ್ಥದಲ್ಲಿ ಭಾಷಾಂತರಗೊಳ್ಳುವುದೆಂದು ತಿಳಿಯದ ಸಂಪಾದಕರು 1897ರ ಬಳಿಕ ದೂರುಗಳನ್ನು ಬಿನ್ನಹದ ಧಾಟಿಯಲ್ಲಿ, ರಾಜಭಕ್ತಿಯ ಮುನ್ನುಡಿಯೊಂದಿಗೆ ಬರೆಯತೊಡಗಿದರೆ ಅದನ್ನು ಅಂಜುಬುರುಕತನವೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ.

ಪ್ಲೇಗ್ ಈ ಸೀಮೆಗೆ ಬಂದದ್ದು ರೈಲಿನ ದಾರಿಯಿಂದ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಗದಗಿನ ಮೂಲಕ ಬಳ್ಳಾರಿಯತ್ತಲೂ, ಗದಗಿನಿಂದ ಸೊಲ್ಲಾಪುರದ ಬಳಿಯ ಹೋಟಗಿಯತ್ತಲೂ ಹಳಿ ಹಾಸಿದ್ದರಿಂದ ಗದಗು ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆದಿತ್ತು. ಹತ್ತಿ, ಜೋಳದ ಚೀಲಗಳೊಂದಿಗೆ ಇಲಿಯೂ ಅದರ ಮೈಯ ಚಿಗಟವೂ ಪ್ರಯಾಣ ಮಾಡಿದವು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು, ಧಾರವಾಡ ಮತ್ತು ಗದಗುಗಳಿಗೂ ಬೇನೆ ಹರಡಿತು. ಆಗಲೇ ಈ ಮೂರೂ ಊರುಗಳು ಜಗತ್ತಿನ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಹೆಸರು ಪಡೆದವು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಪ್ಲೇಗ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ಇಲ್ಲಿ. ಸುಮಾರು 50 ಸಾವಿರ ಜನವಸತಿಯ ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಧಾರವಾಡ ಮತ್ತು ಗದಗುಗಳಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಈ ಕೆಲಸ ನಡೆಸಿದರು. ಹೆಣ್ಣುಮಕ್ಕಳ ತೋಳಿಗೆ ಸೂಜಿ ಹಿಡಿದ ಕೈ ಹೆಣ್ಣಿನದೇ ಆಗಿದ್ದುದು ಗದಗಿನಂಥ ಊರಿನಲ್ಲಿ ಎಷ್ಟು ಮುಖ್ಯವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಯಶಸ್ಸನ್ನು ಬಲಾತ್ಕಾರಕ್ಕೆ ಎದುರಾಗಿ ಮನವೊಲಿಕೆ ಗೆದ್ದ ಕಥೆಯಾಗಿ ಹೇಳುವ ರೂಢಿಯಿದೆ. ಅದು ಅರ್ಧ ಸತ್ಯ. ಲಸಿಕೆ ಕಡ್ಡಾಯವಾಗಿರಲಿಲ್ಲ, ನಿಜ. ಆದರೆ ಲಸಿಕೆಯ ಪ್ರಮಾಣಪತ್ರ ಕೈಯಲ್ಲಿದ್ದವರಿಗೆ ಛಾವಣಿಯ ವಾಸದಿಂದಲೂ ಪ್ರಯಾಣದ ತಡೆಗಳಿಂದಲೂ ವಿನಾಯಿತಿ ಸಿಗುತ್ತಿದ್ದುದರಿಂದ, ದಿನಗೂಲಿಯನ್ನು ನಂಬಿದವರ ಮುಂದೆ ಇದ್ದದ್ದು ಸೂಜಿಯೋ ಛಾವಣಿಯೋ ಎಂಬ ಆಯ್ಕೆ ಮಾತ್ರ. ಕಣ್ಣೆದುರು ಸಾಯುತ್ತಿದ್ದವರಲ್ಲಿ ಚುಚ್ಚಿಸಿಕೊಳ್ಳದವರೇ ಹೆಚ್ಚೆಂಬುದನ್ನು ಜನ ತಾವಾಗಿ ಕಂಡದ್ದೂ ಅಷ್ಟೇ ದೊಡ್ಡ ಕಾರಣವಾಗಿರಬೇಕು. ಎಡಿನ್‌ಬರೋದ ಪ್ರೊಫೆಸರ್ ಟಿ.ಆರ್. ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ 1898ರ ಕೊನೆಗೆ ನೇಮಕವಾದ ಭಾರತೀಯ ಪ್ಲೇಗ್ ಆಯೋಗ, ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುವುದನ್ನು ಒಪ್ಪಿತಾದರೂ ಅದಕ್ಕೆ ಆಧಾರವಾದ ಅಂಕಿ ಅಂಶಗಳಲ್ಲಿ ದೋಷಗಳಿವೆಯೆಂದೂ ಹೇಳಿತು. ಅಂದರೆ ಲಸಿಕೆಯ ಬಗೆಗಿನ ಸಂಶಯ ಕೇವಲ ಅಕ್ಷರ ಬಾರದವರ ಸೊತ್ತಾಗಿರಲಿಲ್ಲ.

ವದಂತಿಗಳಂತೂ ಇದ್ದವು. ಆಸ್ಪತ್ರೆಯಲ್ಲಿ ಜನರನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ, ಸೂಜಿ ಗಜದುದ್ದ ಇರುತ್ತದೆ, ಚುಚ್ಚಿಸಿಕೊಂಡ ಗಂಡಸಿಗೆ ಮಕ್ಕಳಾಗುವುದಿಲ್ಲ ಎಂಬಂಥ ಮಾತುಗಳು ದೇಶದ ಉದ್ದಗಲಕ್ಕೂ ಹಬ್ಬಿದ್ದವು. ಅಧಿಕಾರಿಗಳು ಇವನ್ನೂ ಸೈನಿಕರ ವರ್ತನೆಯ ಮೇಲಿನ ದೂರುಗಳನ್ನೂ ಒಂದೇ ರಾಶಿಗೆ ಹಾಕಿ ಅಜ್ಞಾನವೆಂದು ಹೆಸರಿಟ್ಟರು. ಹಳ್ಳಿಗರ ಮಾತಿನಲ್ಲಿ ಜೊಳ್ಳಿನೊಡನೆ ಕಾಳೂ ಇತ್ತೆಂಬುದಕ್ಕೆ ಇಲಿಯ ವಿಷಯವೊಂದೇ ಸಾಕು. ಮನೆಯಲ್ಲಿ ಇಲಿ ಸತ್ತು ಬೀಳತೊಡಗಿದರೆ ಬೇನೆ ಬಂತೆಂದು ತಿಳಿದು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಕನ್ನಡ ನಾಡಿನ ಹಳ್ಳಿಗಳಲ್ಲಿ ಬಳಕೆಗೆ ಬಂದ ಕ್ರಮ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಅಗ್ರಹಾರದಲ್ಲಿಯೂ ಪ್ಲೇಗಿನ ಮುನ್ಸೂಚನೆ ಇಲಿಗಳಿಂದಲೇ ಬರುತ್ತದೆ. ಸರ್ಕಾರಿ ವೈದ್ಯರಲ್ಲಿ ಅನೇಕರು ಆಗ ಕೊಳೆ, ನೆಲ, ಗಾಳಿ ಮತ್ತು ಮನುಷ್ಯ ಸಂಪರ್ಕಗಳಲ್ಲಿ ಕಾರಣ ಹುಡುಕುತ್ತಿದ್ದರು. 1898ರಲ್ಲಿ ಕರಾಚಿಯಲ್ಲಿ ಪೋಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ರೋಗ ಇಲಿಯ ಚಿಗಟದಿಂದ ಹರಡುತ್ತದೆಂದು ಪ್ರಯೋಗದಿಂದ ತೋರಿಸಿದಾಗ, ಅದೇ ಪ್ಲೇಗ್ ಆಯೋಗ ಅವನ ವಾದವನ್ನು ಬದಿಗೆ ಸರಿಸಿತು. ಮುಂಬಯಿಯಲ್ಲಿ 1905ರ ನಂತರ ನಡೆದ ಹೊಸ ಸಂಶೋಧನೆ ಅವನದೇ ಸರಿಯೆಂದಿತು. ಈ ನಡುವಿನ ವರ್ಷಗಳಲ್ಲಿ ಇಲಿ ಬಿದ್ದ ಮನೆಯನ್ನು ಬಿಟ್ಟುಹೋದ ರೈತ, ಆ ಮನೆಯ ಗೋಡೆಗೆ ಸುಣ್ಣ ಬಳಿಸುತ್ತಿದ್ದ ಸಾಹೇಬನಿಗಿಂತ ರೋಗದ ಮೂಲಕ್ಕೆ ಹತ್ತಿರವಿದ್ದ.

ಇನ್ನು ಹೊಳೆಯ ವಿಷಯ. ಸೋಂಕಿನ ಪ್ರದೇಶಗಳಿಂದ ಬರುವವರಿಗೆ ಮದ್ರಾಸ್ ಸರ್ಕಾರ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿಯ ಪದ್ಧತಿಯನ್ನು ತಂದಿತ್ತು. ಚೀಟಿ ಪಡೆದವರು ತಾವು ತಲುಪಿದ ಊರಿನಲ್ಲಿ ಗೊತ್ತಾದ ದಿನಗಳವರೆಗೆ ದಿನವೂ ಅಧಿಕಾರಿಯ ಮುಂದೆ ಹಾಜರಾಗಿ ಮೈ ತೋರಿಸಬೇಕಾಗಿತ್ತು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ಸೋಂಕಿನ ಪ್ರದೇಶವಾದ ಮೇಲೆ, ಸಿಂಗಟಾಲೂರಿನ ಕಡೆಯಿಂದ ಹಡಗಲಿಯ ಕಡೆಗೆ ಹೊಳೆ ದಾಟುವುದೆಂದರೆ ಒಂದು ಸರ್ಕಾರದ ನಿಯಮದಿಂದ ಇನ್ನೊಂದರ ನಿಯಮಕ್ಕೆ ಕಾಲಿಟ್ಟಂತಾಯಿತು. ಈ ನಿಯಮಗಳನ್ನು ಆಕ್ಷೇಪಿಸಲು ಹಳ್ಳಿಗರಿಗೆ ಪತ್ರಿಕೆಯಿರಲಿಲ್ಲ, ಸಭೆಯಿರಲಿಲ್ಲ. ಅವರ ಭಿನ್ನಮತ ಪ್ರಕಟವಾಗಬಹುದಾಗಿದ್ದ ದಾರಿಗಳೆಂದರೆ ರೋಗಿಯನ್ನು ಅಡಗಿಸುವುದು, ಬಳಸುದಾರಿ ಹಿಡಿಯುವುದು, ಗೌಡ ಕುಲಕರ್ಣಿಯರ ಬಾಯಿ ಕಟ್ಟುವುದು, ಇಲ್ಲವೇ ದೊಂಬಿ. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿಯೂ, ಅದೇ ವರ್ಷದ ಮಾರ್ಚ್‌ನಲ್ಲಿ ಮುಂಬಯಿಯಲ್ಲಿಯೂ, 1900ರಲ್ಲಿ ಕಾನ್ಪುರದಲ್ಲಿಯೂ ಜನ ದಂಗೆಯೆದ್ದರು. ಬಲವಂತದ ಶೋಧ ಮತ್ತು ಬೇರ್ಪಡಿಕೆಗಳನ್ನು ಸರ್ಕಾರ ಸಡಿಲಿಸಿದ್ದು ಸಂಪಾದಕೀಯಗಳನ್ನು ಓದಿದ್ದರಿಂದಲ್ಲ, ಈ ಗಲಭೆಗಳಿಗೆ ಅಂಜಿದ್ದರಿಂದ. ಬರೆದು ಹೇಳಿದವನಿಗೆ ಜೈಲು, ಕಲ್ಲು ಎಸೆದವರಿಗೆ ರಿಯಾಯಿತಿ ಎಂಬ ಪಾಠವನ್ನು ಪ್ರಜೆಗಳಿಗೆ ಕಲಿಸಿದ ಆಡಳಿತ ಅದರ ಫಲವನ್ನು ಮುಂದಿನ ದಶಕದಲ್ಲಿ ಉಂಡಿತು.

ಅಧಿಕೃತ ಮಾತೇ ಅಂತಿಮವೆಂಬ ನಿಲುವಿಗೆ ಕೊನೆಗೆ ಬಲಿಯಾದವರಲ್ಲಿ ಲಸಿಕೆಯ ಜನಕನೂ ಒಬ್ಬ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸರ್ಕಾರ ನೇಮಿಸಿದ ವಿಚಾರಣೆ ಮುಂಬಯಿಯ ಪ್ರಯೋಗಾಲಯದತ್ತ ಬೆರಳು ತೋರಿತು. ಸೀಸೆ ಹಳ್ಳಿಯಲ್ಲಿ ತೆರೆದಾಗ ಸೋಂಕು ತಗುಲಿತೆಂಬ ಹಾಫ್‌ಕಿನ್‌ನ ವಾದಕ್ಕೆ ಬೆಲೆ ಸಿಗದೆ ಅವನು ಹುದ್ದೆ ಕಳೆದುಕೊಂಡ. ಮಲೇರಿಯಾ ಸಂಶೋಧನೆಯ ರೊನಾಲ್ಡ್ ರಾಸ್ ಮೊದಲಾದವರು 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಬಹಿರಂಗವಾಗಿ ಅವನ ಪರ ಬರೆದ ಮೇಲೆ ದೋಷಾರೋಪ ಅಳಿಯಿತು. ಅಂಥ ಪತ್ರವನ್ನು ಲಂಡನ್ನಿನಲ್ಲಿ ಅಚ್ಚು ಮಾಡಿಸಬಹುದಾಗಿತ್ತು. ಗದಗಿನಲ್ಲಿ ಒಂದು ಪತ್ರಿಕೆ ಸರ್ಕಾರಿ ವಿಚಾರಣೆಯೊಂದನ್ನು ಅಷ್ಟು ನೇರವಾಗಿ ಅಲ್ಲಗಳೆದಿದ್ದರೆ ಅದರ ಗತಿ ಏನಾಗುತ್ತಿತ್ತೆಂಬುದು ಬೇರೆ ಮಾತು.

ಮೈಸೂರು ಸಂಸ್ಥಾನದ ಉದಾಹರಣೆಯಲ್ಲಿ ಒಬ್ಬನೇ ಮನುಷ್ಯನ ವೃತ್ತಿಜೀವನದಲ್ಲಿ ಎರಡೂ ಕಾಯ್ದೆಗಳು ಕೂಡುತ್ತವೆ. 1898ರಲ್ಲಿ ಅಲ್ಲಿ ಪ್ಲೇಗ್ ಕಮಿಷನರ್ ಆಗಿ ಹೆಸರು ಗಳಿಸಿದ ವಿ.ಪಿ. ಮಾಧವರಾವ್ ಅವರೇ ದಿವಾನರಾಗಿ 1908ರ ಪತ್ರಿಕಾ ನಿಬಂಧನೆಯನ್ನು ತಂದರು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲವೆಂದ ಆ ನಿಬಂಧನೆಯನ್ನು ಪ್ರತಿಭಟಿಸಿ ತಾತಯ್ಯನವರೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬ್ರಿಟಿಷ್ ಭಾರತದಲ್ಲಿ 1910ರ ಪತ್ರಿಕಾ ಕಾಯ್ದೆ ಠೇವಣಿಯ ಪದ್ಧತಿಯನ್ನು ತಂದಿತು. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜೀವಗಳನ್ನು ಒಯ್ದಾಗ ಪತ್ರಿಕೆಗಳು ಆ ಠೇವಣಿಯ ಮತ್ತು ಯುದ್ಧಕಾಲದ ನಿರ್ಬಂಧಗಳ ಒಳಗೇ ಬರೆಯಬೇಕಾಗಿತ್ತು.

1897ರ ಕಾಯ್ದೆಗೆ 123 ವರ್ಷ ತುಂಬಿದಾಗ ಅದು ಮತ್ತೆ ಕೈಗೆ ಬಂತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದರಡಿ ಹೊರಡಿಸಿದ ಕೋವಿಡ್ ನಿಯಮಗಳು, ಆರೋಗ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳದೆ ರೋಗದ ಮಾಹಿತಿಯನ್ನು ಮುದ್ರಣ, ವಿದ್ಯುನ್ಮಾನ, ಸಾಮಾಜಿಕ ಮಾಧ್ಯಮಗಳಲ್ಲಿ ಹಂಚುವುದನ್ನು ನಿರ್ಬಂಧಿಸಿದವು. ಮೂಲ ಕಾಯ್ದೆಯಲ್ಲಿ ಮಾತಿನ ಪ್ರಸ್ತಾಪವಿರದಿದ್ದರೆ ಇಲ್ಲಿ ಅದು ನಿಯಮದ ಒಳಗೇ ಬಂದು ಕುಳಿತಿತ್ತು. ಸುಳ್ಳು ಮದ್ದು, ಒಂದು ಸಮುದಾಯದ ಮೇಲಿನ ಅಪಪ್ರಚಾರಗಳು ಎಗ್ಗಿಲ್ಲದೆ ಹರಿದಾಡಿದ ಆ ದಿನಗಳಲ್ಲಿ ಇಂಥ ನಿಯಮಕ್ಕೆ ಕಾರಣವಿರಲಿಲ್ಲವೆನ್ನಲಾಗದು. ಆದರೆ ಸತ್ಯಾಸತ್ಯವನ್ನು ತೂಗುವ ತಕ್ಕಡಿ ಟೀಕೆಗೊಳಗಾದ ಇಲಾಖೆಯ ಕೈಯಲ್ಲೇ ಇರುವುದು 1897ರಲ್ಲಿ ಎಷ್ಟು ತಪ್ಪಾಗಿತ್ತೋ 2020ರಲ್ಲೂ ಅಷ್ಟೇ ತಪ್ಪಾಗಿತ್ತು. ಎರಡನೆಯ ಅಲೆಯ ನಡುವೆ, 2021ರ ಏಪ್ರಿಲ್ 30ರಂದು, ಆಮ್ಲಜನಕವಿಲ್ಲ, ಹಾಸಿಗೆಯಿಲ್ಲ ಎಂದು ಅಂತರ್ಜಾಲದಲ್ಲಿ ಮೊರೆಯಿಟ್ಟವರ ಮೇಲೆ ವದಂತಿಯ ಆರೋಪ ಹೊರಿಸಿ ಕ್ರಮ ಕೈಗೊಂಡರೆ ಅದನ್ನು ನ್ಯಾಯಾಂಗ ನಿಂದನೆಯೆಂದು ಪರಿಗಣಿಸುವುದಾಗಿ ಸುಪ್ರೀಂ ಕೋರ್ಟ್ ಎಚ್ಚರಿಸಿತು. ಮುಂದೆ 2022ರ ಮೇ 11ರಂದು ಅದೇ ನ್ಯಾಯಾಲಯ 124ಎ ಕಲಮಿನ ಬಳಕೆಯನ್ನು ತಡೆಹಿಡಿಯಿತು. 505ನೆಯ ಕಲಮು ಮಾತ್ರ ಯಾವ ತಡೆಗೂ ಸಿಲುಕಲಿಲ್ಲ. ಪ್ಲೇಗಿನ ಕಾಲದಲ್ಲಿ ತಿದ್ದಿ ಬರೆದ ಅದರ ಭಯ, ಗಾಬರಿ, ವದಂತಿಗಳ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಾಗಿ ಜಾರಿಯಲ್ಲಿದೆ.